ಮರಗಳ ಎಣಿಕೆ ಬೇರೆ, ಕಾಡಿನ ಲೆಕ್ಕ ಬೇರೆ

ಸಂಡೂರು ತಾಲೂಕಿನ ದೇವದಾರಿ ಬೆಟ್ಟಸಾಲಿನಲ್ಲಿ ಕೆಐಒಸಿಎಲ್ ಸಂಸ್ಥೆಯು ಕೈಗೊಳ್ಳಲಿರುವ ಕಬ್ಬಿಣದ ಅದಿರಿನ ಗಣಿ ಯೋಜನೆಯು 2024ರ ಜೂನ್ ತಿಂಗಳಲ್ಲಿ ರಾಜ್ಯದಾದ್ಯಂತ ಚರ್ಚೆಗೆ ಬಂದಾಗ ಒಂದು ಸಂಖ್ಯೆ ಪತ್ರಿಕೆಗಳಲ್ಲಿ ಪದೇ ಪದೇ ಅಚ್ಚಾಯಿತು: 99,330. ಸುಮಾರು 401.57 ಹೆಕ್ಟೇರ್ ಅರಣ್ಯದಲ್ಲಿ ಕಡಿಯಬೇಕಾಗುವ ಮರಗಳ ಸಂಖ್ಯೆ ಅದು. ಕೇಂದ್ರದ ಉಕ್ಕು ಸಚಿವರು ಯೋಜನೆಯ ಕಡತಕ್ಕೆ ಸಹಿ ಹಾಕಿದರು. ರಾಜ್ಯದ ಅರಣ್ಯ ಸಚಿವರು ಭೂಮಿಯನ್ನು ಹಸ್ತಾಂತರಿಸಬಾರದೆಂದು ಅಧಿಕಾರಿಗಳಿಗೆ ಸೂಚಿಸಿದರು. ವಾದ-ಪ್ರತಿವಾದಗಳ ನಡುವೆ ನಾವೂ ಆ ಸಂಖ್ಯೆಯನ್ನು ಓದಿದೆವು, ಮರುಗಿದೆವು, ಮರೆತೆವು. ಆದರೆ ಅದನ್ನು ಓದಿದವರಲ್ಲಿ ಹೆಚ್ಚಿನವರು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ. ಆ ಮರಗಳಲ್ಲಿ ಎಷ್ಟು ಬಗೆ? ಅವುಗಳ ಪೊಟರೆಯಲ್ಲಿ, ತೊಗಟೆಯಲ್ಲಿ, ಬುಡದ ಹುಲ್ಲಿನಲ್ಲಿ ಬದುಕು ಕಟ್ಟಿಕೊಂಡಿರುವ ಜೀವಿಗಳು ಯಾವುವು? ಬೇರೊಂದು ಬಯಲಿನಲ್ಲಿ ಅಷ್ಟೇ ಸಂಖ್ಯೆಯ, ಅಥವಾ ಅದರ ಎರಡು ಪಟ್ಟು ಸಸಿಗಳನ್ನು ನೆಟ್ಟರೆ ಲೆಕ್ಕ ಚುಕ್ತಾ ಆಗುತ್ತದೆಯೇ?

ಆಗುವುದಿಲ್ಲ ಎಂಬುದು ಮನಸ್ಸಿಗೆ ತಿಳಿಯುತ್ತದೆ. ಆದರೆ ಆಡಳಿತವೂ ನ್ಯಾಯಾಲಯವೂ ಮನಸ್ಸಿಗೆ ತಿಳಿದದ್ದನ್ನು ಸ್ವೀಕರಿಸುವುದಿಲ್ಲ, ಅಂಕಿ ಕೇಳುತ್ತವೆ. ಆ ಅಂಕಿಯನ್ನು ಕೊಡುವ ವಿದ್ಯೆ ಇಂದು ನಮ್ಮ ನಡುವೆಯೇ ಇದೆ ಮತ್ತು ನಮ್ಮ ಮಕ್ಕಳು ಕಾಲೇಜುಗಳಲ್ಲಿ ಕಲಿಯುತ್ತಿರುವ ಗಣಕ ವಿಜ್ಞಾನ ಹಾಗೂ ಸಂಖ್ಯಾಶಾಸ್ತ್ರಗಳೇ ಅದರ ಬೇರು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸರಳವಾದ ಉದಾಹರಣೆಯಿಂದ ಆರಂಭಿಸೋಣ. ಎರಡು ಕೆರೆಗಳಿವೆಯೆಂದು ಭಾವಿಸಿ. ಎರಡರಲ್ಲಿಯೂ ತಲಾ ನೂರು ಹಕ್ಕಿಗಳು, ಎರಡರಲ್ಲಿಯೂ ನಾಲ್ಕೇ ಪ್ರಭೇದಗಳು. ಮೊದಲನೆಯದರಲ್ಲಿ ಪ್ರತಿ ಪ್ರಭೇದದ ಇಪ್ಪತ್ತೈದು ಹಕ್ಕಿಗಳಿವೆ. ಎರಡನೆಯದರಲ್ಲಿ ಒಂದು ಪ್ರಭೇದದ ತೊಂಬತ್ತೇಳು, ಉಳಿದ ಮೂರರ ಒಂದೊಂದು. ಹಕ್ಕಿಗಳ ಸಂಖ್ಯೆಯನ್ನು ಕೇಳಿದರೆ ಎರಡೂ ಸಮ. ಪ್ರಭೇದಗಳ ಸಂಖ್ಯೆಯನ್ನು ಕೇಳಿದರೂ ಸಮ. ಆದರೆ ಎರಡನೆಯ ಕೆರೆಯಲ್ಲಿ ಮೂರು ಹಕ್ಕಿಗಳು ಸತ್ತರೆ ಮೂರು ಪ್ರಭೇದಗಳೇ ಇಲ್ಲವಾಗುತ್ತವೆ. ಈ ವ್ಯತ್ಯಾಸವನ್ನು ಹಿಡಿಯುವ ಸೂತ್ರವೊಂದಿದೆ. ಕಣ್ಣುಮುಚ್ಚಿ ಎರಡು ಹಕ್ಕಿಗಳನ್ನು ಆರಿಸಿದರೆ ಅವೆರಡೂ ಒಂದೇ ಪ್ರಭೇದಕ್ಕೆ ಸೇರಿರುವ ಸಾಧ್ಯತೆ ಎಷ್ಟೆಂದು ಲೆಕ್ಕ ಹಾಕಿ, ಒಂದನ್ನು ಆ ಸಾಧ್ಯತೆಯಿಂದ ಭಾಗಿಸುವುದು. ಮೊದಲ ಕೆರೆಗೆ ಉತ್ತರ 4, ಎರಡನೆಯದಕ್ಕೆ 1.06. ಅಂದರೆ ಎರಡನೆಯ ಕೆರೆಯಲ್ಲಿ ಹೆಸರಿಗೆ ನಾಲ್ಕು ಪ್ರಭೇದಗಳಿದ್ದರೂ ವಾಸ್ತವದಲ್ಲಿ ಅದು ಒಂದೇ ಪ್ರಭೇದದ ಕೆರೆಯಂತೆ ಇದೆ. ಇನ್ನು ನೀಲಗಿರಿಯನ್ನೋ ಅಕೇಶಿಯಾವನ್ನೋ ಸಾಲಾಗಿ ನೆಟ್ಟ ತೋಟದಲ್ಲಿ ಒಂದು ಲಕ್ಷ ಮರಗಳಿದ್ದರೂ ಉತ್ತರ ಒಂದೇ. ಪರಿಹಾರಾತ್ಮಕ ಅರಣ್ಯೀಕರಣ ಎಂಬ ಸರಕಾರಿ ಪದದ ಒಳಗೆ ಅಡಗಿರುವ ಕೊರತೆಯನ್ನು ಈ ಒಂದು ಭಾಗಾಕಾರ ತೋರಿಸಿಕೊಡುತ್ತದೆ.

ಪವಿತ್ರ ಕುರ್‌ಆನ್‌ನ ಅಲ್-ಅನ್‌ಆಮ್ ಅಧ್ಯಾಯವು ನೆಲದ ಮೇಲೆ ಚಲಿಸುವ ಜೀವಿಗಳನ್ನೂ ಹಾರುವ ಹಕ್ಕಿಗಳನ್ನೂ ಪ್ರಸ್ತಾಪಿಸುವಾಗ ಬಳಸಿರುವ ಪದ ‘ಉಮಮ್’ ಎಂಬುದನ್ನು (6:38) ಓದುಗರು ಬಲ್ಲರು. ಅದು ಉಮ್ಮತ್ ಎಂಬುದರ ಬಹುವಚನ. ಜೀವಿಗಳನ್ನು ಬಿಡಿಬಿಡಿಯಾಗಿ ಅಲ್ಲ, ಸಮುದಾಯಗಳಾಗಿ ಗುರುತಿಸುವ ಪದ. ಪರಿಸರ ವಿಜ್ಞಾನವೂ ಒಂದು ತಾಣದಲ್ಲಿ ಒಟ್ಟಾಗಿ ಬದುಕುವ ಪ್ರಭೇದಗಳ ಕೂಟಕ್ಕೆ ‘ಸಮುದಾಯ’ ಎಂದೇ ಹೆಸರಿಟ್ಟಿದೆ. ಸಮುದಾಯದ ಆರೋಗ್ಯವನ್ನು ತಲೆ ಎಣಿಕೆಯಿಂದ ಮಾತ್ರ ಅಳೆಯಲಾಗದು. ಯಾರು ಯಾರು ಇದ್ದಾರೆ, ಎಷ್ಟೆಷ್ಟು ಇದ್ದಾರೆ, ಯಾರು ಅಳಿವಿನ ಅಂಚಿನಲ್ಲಿದ್ದಾರೆ ಎಂಬುದನ್ನು ನೋಡಬೇಕಾಗುತ್ತದೆ. ಅಲ್ಪಸಂಖ್ಯಾತರಾಗಿ ಬದುಕುತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲೆ ಹೇಳಿದ ಸೂತ್ರದ ಚರಿತ್ರೆಯೂ ಕುತೂಹಲಕರ. ಎಡ್ವರ್ಡ್ ಸಿಂಪ್ಸನ್ ಎಂಬ ಬ್ರಿಟಿಷ್ ಗಣಿತಜ್ಞನು 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದನು. ಆತನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಶತ್ರುಗಳ ಗುಪ್ತ ಸಂದೇಶಗಳನ್ನು ಬಿಡಿಸುವ ಕೆಲಸದಲ್ಲಿದ್ದವನು. ಗುಪ್ತಲಿಪಿಯನ್ನು ಬಿಡಿಸುವವರಿಗೆ ಯಾವ ಅಕ್ಷರ ಎಷ್ಟು ಸಲ ಮರುಕಳಿಸುತ್ತದೆ ಎಂಬುದೇ ಕೀಲಿಕೈ. ಅಕ್ಷರಗಳ ಸ್ಥಾನದಲ್ಲಿ ಪ್ರಭೇದಗಳನ್ನು ಇಟ್ಟರೆ ಜೀವವೈವಿಧ್ಯದ ಮಾಪನವಾಗುತ್ತದೆ. ಇನ್ನು ಅಕ್ಷರಗಳ ಆವೃತ್ತಿಯನ್ನು ಎಣಿಸಿ ಗುಪ್ತಲಿಪಿಯನ್ನು ಬಿಡಿಸುವ ವಿಧಾನದ ಕುರಿತು ನಮಗೆ ದೊರೆತಿರುವ ಅತ್ಯಂತ ಹಳೆಯ ವಿವರಣೆಯು ಒಂಬತ್ತನೆಯ ಶತಮಾನದ ಬಗ್ದಾದಿನ ವಿದ್ವಾಂಸ ಅಲ್-ಕಿಂದಿಯದು. ಆ ಹಸ್ತಪ್ರತಿ ಇಸ್ತಾಂಬುಲಿನ ಸುಲೈಮಾನಿಯಾ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಇಷ್ಟು ಹೇಳಿದ ಕೂಡಲೇ ‘ಎಲ್ಲವನ್ನೂ ನಾವೇ ಕಂಡುಹಿಡಿದೆವು’ ಎಂದು ಎದೆಯುಬ್ಬಿಸುವ ಚಾಳಿ ನಮ್ಮಲ್ಲಿದೆ. ಅದರಿಂದ ಯಾವ ಪ್ರಯೋಜನವೂ ಇಲ್ಲ. ಅಲ್-ಕಿಂದಿಯಿಂದ ಸಿಂಪ್ಸನ್‌ನವರೆಗೆ ನೇರವಾದ ಗುರುಶಿಷ್ಯ ಪರಂಪರೆಯಿತ್ತೆಂದು ಯಾರೂ ಸಾಧಿಸಿಲ್ಲ. ತಾಳ್ಮೆಯಿಂದ ಎಣಿಸುವುದು ಅಲ್-ಕಿಂದಿಗೆ ಕೀಳು ಕೆಲಸವಾಗಿ ಕಾಣಲಿಲ್ಲ ಎಂಬುದು ಮಾತ್ರ ನಾವು ಗಮನಿಸತಕ್ಕ ವಿಷಯ.

ಈಗ ನಮ್ಮ ನೆಲಕ್ಕೆ ಬರೋಣ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು ಒಳಗೊಂಡ ಈ ಪ್ರದೇಶವನ್ನು ಹೊರಗಿನವರು ಕಲ್ಲುಬಂಡೆ, ಬಿಸಿಲು ಮತ್ತು ಕೆಂಪು ಧೂಳಿನ ನಾಡೆಂದು ತಿಳಿದಿದ್ದಾರೆ. ಆದರೆ ಇಲ್ಲಿಯೇ 1994ರ ಅಕ್ಟೋಬರ್‌ನಲ್ಲಿ ಬಿಳಿಕಲ್ಲು ಮೀಸಲು ಅರಣ್ಯದ 5,587.30 ಹೆಕ್ಟೇರ್ ಪ್ರದೇಶವನ್ನು ದರೋಜಿ ಕರಡಿಧಾಮವೆಂದು ಘೋಷಿಸಲಾಯಿತು. 2009ರಲ್ಲಿ ಬುಕ್ಕಸಾಗರ ಮೀಸಲು ಅರಣ್ಯವೂ ಸೇರಿ ಅದರ ವಿಸ್ತೀರ್ಣ ಸುಮಾರು 82.72 ಚದರ ಕಿಲೋಮೀಟರ್ ಆಯಿತು. ತುಂಗಭದ್ರಾ ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಇವೆಲ್ಲವೂ ಯಾರೋ ಕುಳಿತು ಎಣಿಸಿದ್ದರಿಂದ ಸಾಧ್ಯವಾದವು. ಎಣಿಕೆಯಿಲ್ಲದೆ ಯಾವ ಅಧಿಸೂಚನೆಯೂ ಹೊರಡಲಾರದು.

ಎಣಿಕೆಯಲ್ಲಿ ಎಚ್ಚರಿಕೆಯೂ ಬೇಕು. ದರೋಜಿಗೆ ಮಕ್ಕಳನ್ನು ಕರೆದುಕೊಂಡು ಹೋದವರು ಅಲ್ಲಿನ ವೀಕ್ಷಣಾ ಗೋಪುರದಿಂದ ಕರಡಿಗಳನ್ನು ಕಂಡಿರುತ್ತಾರೆ. ಎದುರಿನ ಬಂಡೆಯ ಮೇಲೆ ಇಲಾಖೆಯ ಸಿಬ್ಬಂದಿ ಬೆಲ್ಲದ ಪಾಕವನ್ನು ಸವರಿರುತ್ತಾರೆ. ಇಳಿಹೊತ್ತಿಗೆ ಕರಡಿಗಳು ತಾವಾಗಿಯೇ ಬರುತ್ತವೆ. ಆ ಬಂಡೆಯ ಮೇಲೆ ಕಂಡ ಕರಡಿಗಳನ್ನು ಎಣಿಸಿ ಕಾಡಿಗೆಲ್ಲ ಗುಣಿಸಿದರೆ ಸಿಗುವುದು ಬೆಲ್ಲದ ಲೆಕ್ಕವೇ ಹೊರತು ಕರಡಿಯ ಲೆಕ್ಕವಲ್ಲ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಒಂದು ಗುಡ್ಡದಲ್ಲಿ ಐದು ರಾತ್ರಿ ಕ್ಯಾಮೆರಾ ಇಟ್ಟು ಕರಡಿಯ ಚಿತ್ರ ಸಿಗಲಿಲ್ಲವೆಂದ ಮಾತ್ರಕ್ಕೆ ಅಲ್ಲಿ ಕರಡಿ ಇಲ್ಲವೆಂದು ಬರೆದುಬಿಡುವುದು. ಕರಡಿ ಇರುವ ಜಾಗದಲ್ಲಿ ಒಂದು ರಾತ್ರಿ ಅದು ಕ್ಯಾಮೆರಾಕ್ಕೆ ಸಿಗುವ ಸಾಧ್ಯತೆ ಐದರಲ್ಲಿ ಒಂದು ಎಂದಿಟ್ಟುಕೊಳ್ಳಿ. ಐದೂ ರಾತ್ರಿ ಅದು ತಪ್ಪಿಸಿಕೊಳ್ಳುವ ಸಾಧ್ಯತೆ ಶೇಕಡಾ 33ರಷ್ಟು. ಅಂದರೆ ಮೂರು ಸಲಕ್ಕೆ ಒಂದು ಸಲ ಇದ್ದ ಪ್ರಾಣಿಯನ್ನು ಇಲ್ಲವೆಂದು ಬರೆದಂತಾಗುತ್ತದೆ. ಇಪ್ಪತ್ತು ರಾತ್ರಿ ಇಟ್ಟರೆ ಆ ಸಾಧ್ಯತೆ ಶೇಕಡಾ 1ಕ್ಕೆ ಇಳಿಯುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಕಂಡದ್ದನ್ನೂ ಕಾಣದ್ದನ್ನೂ ದಾಖಲಿಸಿ, ‘ಇಲ್ಲ’ ಎಂಬುದನ್ನು ‘ಕಾಣಲಿಲ್ಲ’ ಎಂಬುದರಿಂದ ಬೇರ್ಪಡಿಸುವ ಗಣಿತ ವಿಧಾನವು 2002ರಿಂದ ವ್ಯಾಪಕವಾಗಿ ಬಳಕೆಗೆ ಬಂದಿದೆ. ಹುಲಿಗಾದರೆ ಮೈಮೇಲಿನ ಪಟ್ಟೆಗಳೇ ಗುರುತಿನ ಚೀಟಿ; ನಾಗರಹೊಳೆಯಲ್ಲಿ ಡಾ. ಉಲ್ಲಾಸ ಕಾರಂತರು ಕ್ಯಾಮೆರಾ ಚಿತ್ರಗಳಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು 1990ರ ದಶಕದಲ್ಲಿ ರೂಪಿಸಿದರು. ಕಪ್ಪು ರೋಮದ ಕರಡಿಗೆ ಅಂಥ ಪಟ್ಟೆಗಳಿಲ್ಲ. ಆದ್ದರಿಂದ ಕರಡಿಯ ನಾಡಿನಲ್ಲಿ ಇರುವಿಕೆಯ ಈ ಲೆಕ್ಕವೇ ಹೆಚ್ಚು ಭರವಸೆಯದು.

ಇದರ ಮಹತ್ವ ಎಲ್ಲಿ ಕಾಣುತ್ತದೆ? ಗಣಿಯೋ ಕಾರ್ಖಾನೆಯೋ ಬರುವ ಮುನ್ನ ಸಿದ್ಧವಾಗುವ ಪರಿಸರ ಪರಿಣಾಮ ವರದಿಯಲ್ಲಿ. 2006ರ ಅಧಿಸೂಚನೆಯ ಕ್ರಮದಲ್ಲಿ ಇಂಥ ವರದಿಗಳಿಗೆ ಬೇಕಾದ ಮೂಲ ಮಾಹಿತಿಯನ್ನು ಸಾಮಾನ್ಯವಾಗಿ ಒಂದೇ ಋತುವಿನಲ್ಲಿ, ಅದೂ ಮಳೆಗಾಲವನ್ನು ಬಿಟ್ಟು ಸಂಗ್ರಹಿಸಲಾಗುತ್ತದೆ. ಸಂಡೂರಿನ ಬೆಟ್ಟಗಳನ್ನು ಬಲ್ಲವರು ಇದನ್ನು ಓದಿ ನಗಬಹುದು, ಅಳಲೂಬಹುದು. ಎಲೆ ಉದುರಿಸುವ ಈ ಕಾಡು ಏಪ್ರಿಲ್‌ನಲ್ಲಿ ಒಣಕಲಾಗಿ ನಿಂತಿರುತ್ತದೆ. ಆಗಸ್ಟ್‌ನಲ್ಲಿ ಮೋಡ ಮುಟ್ಟುವ ಹಸಿರಾಗುತ್ತದೆ. ಕಪ್ಪೆಗಳೂ ಚಿಟ್ಟೆಗಳೂ ಹುಲ್ಲುಗಳೂ ನೆಲದೊಳಗಿನ ಗೆಡ್ಡೆಗಳ ಚಿಗುರುಗಳೂ ತಲೆಯೆತ್ತುವುದು ಮಳೆ ಬಿದ್ದ ನಂತರವೇ. ಮಳೆಗಾಲವನ್ನು ಬಿಟ್ಟು ಈ ಕಾಡನ್ನು ಅಳೆಯುವುದೆಂದರೆ ಮನೆಯವರೆಲ್ಲ ಊರಿಗೆ ಹೋಗಿರುವಾಗ ಜನಗಣತಿ ಮಾಡಿದಂತೆ.

ಕಾಣದ್ದನ್ನು ಅಂದಾಜು ಮಾಡುವ ವಿದ್ಯೆ ಇನ್ನೂ ಆಶ್ಚರ್ಯಕರವಾದದ್ದು. ಮಲಯಾದಲ್ಲಿ ಚಿಟ್ಟೆಗಳನ್ನು ಸಂಗ್ರಹಿಸುತ್ತಿದ್ದ ಕಾರ್ಬೆಟ್ ಎಂಬ ಕೀಟಶಾಸ್ತ್ರಜ್ಞನು, ಇನ್ನಷ್ಟು ಕಾಲ ಸಂಗ್ರಹಿಸಿದರೆ ಎಷ್ಟು ಹೊಸ ಪ್ರಭೇದಗಳು ಸಿಗಬಹುದೆಂಬ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್‌ನ ಮುಂದಿಟ್ಟನು. ಅದರ ಫಲವಾಗಿ ಬಂದ ಪ್ರಬಂಧ 1943ರದು. ಹತ್ತು ವರ್ಷಗಳ ಬಳಿಕ ಗುಡ್ ಎಂಬ ಗಣಿತಜ್ಞನು ತನ್ನ ಸಹೋದ್ಯೋಗಿಯಾಗಿದ್ದ ಅಲನ್ ಟ್ಯೂರಿಂಗ್‌ನ ಆಲೋಚನೆಯನ್ನು ಬೆಳೆಸಿ ಒಂದು ಸುಲಭ ಉತ್ತರವನ್ನು ಕೊಟ್ಟನು. ಆ ಇಬ್ಬರೂ ಬ್ಲೆಚ್ಲಿ ಪಾರ್ಕ್‌ನವರೇ. ಉತ್ತರ ಹೀಗಿದೆ: ಒಂದೇ ಒಂದು ಸಲ ಕಂಡ ಪ್ರಭೇದಗಳು ಎಷ್ಟೆಂದು ನೋಡಿ. ಬೆಳಗ್ಗೆ ಇನ್ನೂರು ಹಕ್ಕಿಗಳನ್ನು ಬರೆದುಕೊಂಡಿರಿ, ಅವುಗಳಲ್ಲಿ ಆರು ಪ್ರಭೇದಗಳು ಒಮ್ಮೆ ಮಾತ್ರ ಕಂಡವು ಎಂದಾದರೆ, ಮುಂದೆ ಕಾಣುವ ಹಕ್ಕಿ ಪಟ್ಟಿಯಲ್ಲಿಲ್ಲದ ಹೊಸ ಪ್ರಭೇದವಾಗಿರುವ ಸಾಧ್ಯತೆ ಸುಮಾರು ಶೇಕಡಾ 3. ತೈವಾನಿನ ಸಂಖ್ಯಾಶಾಸ್ತ್ರಜ್ಞೆ ಆನ್ ಚಾವೊ 1984ರಲ್ಲಿ ಇದನ್ನು ಮುಂದುವರಿಸಿ, ಒಂದು ಸಲ ಕಂಡವು ಮತ್ತು ಎರಡು ಸಲ ಕಂಡವುಗಳ ಸಂಖ್ಯೆಯಿಂದ ಕಾಣದೆ ಉಳಿದ ಪ್ರಭೇದಗಳು ಕನಿಷ್ಠ ಎಷ್ಟಿರಬಹುದೆಂದು ಹೇಳುವ ಸೂತ್ರವನ್ನು ಕೊಟ್ಟರು. ಒಂದು ಸಲ ಕಂಡವು ಆರು, ಎರಡು ಸಲ ಕಂಡವು ಮೂರು ಆಗಿದ್ದರೆ ಆರರ ವರ್ಗ 36. ಅದನ್ನು ಮೂರರ ಇಮ್ಮಡಿಯಾದ 6ರಿಂದ ಭಾಗಿಸಿದರೆ 6. ಅಂದರೆ ಕಣ್ಣಿಗೆ ಬೀಳದ ಆರು ಪ್ರಭೇದಗಳಾದರೂ ಅಲ್ಲಿರಬೇಕು. ಹತ್ತನೆಯ ತರಗತಿಯ ಮಗುವೂ ಮಾಡಬಲ್ಲ ಲೆಕ್ಕವಿದು.

ಕಾಣದವು ಇರುತ್ತವೆ ಎಂಬುದಕ್ಕೆ ಹಂಪಿಯೇ ಸಾಕ್ಷಿ. ವರ್ಷಕ್ಕೆ ಲಕ್ಷಾಂತರ ಪ್ರವಾಸಿಗರು ಓಡಾಡುವ, ಪ್ರತಿ ಕಲ್ಲನ್ನೂ ಪುರಾತತ್ವಜ್ಞರು ಗುರುತು ಹಾಕಿಕೊಂಡಿರುವ ಆ ಬಂಡೆಗಳ ನಡುವೆ, ವಿಜ್ಞಾನಕ್ಕೆ ಅದುವರೆಗೆ ತಿಳಿಯದಿದ್ದ ಹಲ್ಲಿಯ ಪ್ರಭೇದವೊಂದು 2015ರಲ್ಲಿ ದಾಖಲಾಯಿತು. ‘ನೆಮಾಸ್ಪಿಸ್ ಆದಿ’ ಎಂಬುದು ಅದಕ್ಕಿಟ್ಟ ಹೆಸರು. ಸಾಮ್ರಾಜ್ಯಗಳು ಬಂದು ಹೋದದ್ದನ್ನು ಕಂಡ ಆ ಪುಟ್ಟ ಜೀವಿಗೆ ಹೆಸರು ಸಿಗಲು ಇಪ್ಪತ್ತೊಂದನೆಯ ಶತಮಾನ ಬರಬೇಕಾಯಿತು. ಇದೇ ಬಂಡೆಗುಡ್ಡಗಳಲ್ಲಿ ಹಳದಿ ಕೊರಳಿನ ಪಿಕಳಾರವೂ ಇದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲಿಯೂ ಇಲ್ಲದ ಹಕ್ಕಿ ಅದು. ಗುಡ್ಡ ಜಲ್ಲಿಯಾದರೆ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ.

ಉಪಗ್ರಹದಿಂದ ಅಳೆಯಬಹುದಲ್ಲವೇ ಎಂದು ಕೇಳುವವರಿದ್ದಾರೆ. ಅಳೆಯಬಹುದು, ಅಳೆಯಲೂಬೇಕು. ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದದ್ದೂ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ತಡೆಹಿಡಿದದ್ದೂ 2011ರ ಜುಲೈನಲ್ಲಿ. ಆ ಪ್ರಕರಣದಲ್ಲಿ ಗುತ್ತಿಗೆಯ ಗಡಿ ಮೀರಿ ಯಾರು ಎಷ್ಟು ಅಗೆದರು ಎಂಬುದನ್ನು ತೋರಿಸಲು ಭಾಷಣಗಳು ನೆರವಾಗಲಿಲ್ಲ, ಅಳತೆ ನೆರವಾಯಿತು. ಆದರೆ ಆಕಾಶದ ಕಣ್ಣಿಗೆ ಕಾಣುವುದು ಹಸಿರು ಮಾತ್ರ. ಯಾವ ಹಸಿರು ಎಂಬುದನ್ನು ಅದು ಸುಲಭವಾಗಿ ಹೇಳಲಾರದು. ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಶೇಕಡಾ ಹತ್ತರಷ್ಟು ಮರದ ನೆರಳಿದ್ದರೆ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಅದನ್ನು ‘ಅರಣ್ಯ ಹೊದಿಕೆ’ ಎಂದು ಪರಿಗಣಿಸುತ್ತದೆ. ಮರ ಯಾವುದೆಂದು ಕೇಳುವುದಿಲ್ಲ. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಒಂದು ಗಿಡವಿದೆಯಲ್ಲ, ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದು ಕೆರೆಯಂಗಳ, ಗೋಮಾಳ, ಕಾಲುವೆ ಬದುಗಳನ್ನೆಲ್ಲ ಆವರಿಸಿಕೊಂಡ ಮುಳ್ಳು. ಮೇಲಿನಿಂದ ನೋಡಿದರೆ ಅದೂ ಹಸಿರೇ. ಅದರ ಅಡಿಯಲ್ಲಿ ಹುಲ್ಲು ಬೆಳೆಯದು, ಹುಲ್ಲಿಲ್ಲದ ಕಡೆ ಕೃಷ್ಣಮೃಗವಿರದು, ಹೆಬ್ಬಕವಿರದು. ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದ ಹೆಬ್ಬಕಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ದಾಖಲಿಸಿದವರಲ್ಲಿ ನಮ್ಮ ಜಿಲ್ಲೆಯ ವನ್ಯಜೀವಿ ಛಾಯಾಗ್ರಾಹಕ ಸಮದ್ ಕೊಟ್ಟೂರು ಒಬ್ಬರು. ನಮ್ಮ ಮಕ್ಕಳಿಗೆ ಕ್ರಿಕೆಟ್ ಆಟಗಾರರ ಹೆಸರುಗಳ ಜೊತೆಗೆ ಈ ಹೆಸರೂ ತಿಳಿದಿದ್ದರೆ ಚೆನ್ನಾಗಿತ್ತು.

ಇನ್ನು ಹೊಟ್ಟೆಪಾಡಿನ ಮಾತು. ಇದನ್ನು ಬಿಟ್ಟು ಪರಿಸರದ ಬಗ್ಗೆ ಬರೆಯುವುದು ಈ ಊರುಗಳಲ್ಲಿ ಪ್ರಾಮಾಣಿಕತೆಯಲ್ಲ. ಹೊಸಪೇಟೆ ಮತ್ತು ಸಂಡೂರಿನ ನಮ್ಮ ಸಮುದಾಯದ ಅನೇಕ ಮನೆಗಳಲ್ಲಿ ಲಾರಿಯ ಮಾಲೀಕರಿದ್ದಾರೆ, ಚಾಲಕರಿದ್ದಾರೆ, ಟೈರು-ಗ್ಯಾರೇಜು-ವೆಲ್ಡಿಂಗ್ ಅಂಗಡಿಗಳವರಿದ್ದಾರೆ. 2011ರಲ್ಲಿ ಗಣಿ ನಿಂತಾಗ ಸಾಲದ ಕಂತು ಕಟ್ಟಲಾಗದೆ ಲಾರಿಗಳು ರಸ್ತೆಬದಿಯಲ್ಲಿ ಸಾಲುಗಟ್ಟಿ ನಿಂತದ್ದನ್ನು ಈ ಊರುಗಳು ಮರೆತಿಲ್ಲ. ಅಕ್ರಮ ಮಾಡಿದವರು ಬೇರೆ, ನಷ್ಟ ಉಂಡವರು ಬೇರೆ. ಆದ್ದರಿಂದ ಗಣಿಗಾರಿಕೆಯನ್ನೇ ನಿಲ್ಲಿಸಿ ಎಂಬ ಕೂಗಿಗೆ ಈ ಲೇಖಕನ ದನಿ ಸೇರಿಲ್ಲ. ಆದರೆ ಆ ಅನುಭವದಿಂದ ಕಲಿಯಬೇಕಾದ ಪಾಠ ನಾವು ಸಾಮಾನ್ಯವಾಗಿ ಭಾವಿಸುವುದಕ್ಕಿಂತ ಭಿನ್ನವಾಗಿದೆ ಎಂಬುದು ನನ್ನ ಅಭಿಪ್ರಾಯ. ಲಾರಿಗಳು ನಿಂತದ್ದು ಅಳತೆ ಮಾಡಿದ್ದರಿಂದಲ್ಲ. ಅಳತೆಯಿಲ್ಲದೆ ವರ್ಷಗಟ್ಟಲೆ ಅಗೆದದ್ದರಿಂದ. ಆರಂಭದಲ್ಲಿಯೇ ಎಲ್ಲಿ ಅಗೆಯಬಹುದು, ಎಲ್ಲಿ ಕೂಡದು ಎಂಬುದು ಪ್ರಭೇದಗಳ ಲೆಕ್ಕದೊಂದಿಗೆ ನಿಗದಿಯಾಗಿದ್ದರೆ, ಒಮ್ಮೆಲೇ ಎಲ್ಲವನ್ನೂ ನಿಲ್ಲಿಸುವ ಸ್ಥಿತಿ ಬರುತ್ತಿರಲಿಲ್ಲ. ಅರ್‍ರಹ್ಮಾನ್ ಅಧ್ಯಾಯವು ಒತ್ತಿ ಹೇಳುವ ‘ಮೀಝಾನ್’, ಅಂದರೆ ತಕ್ಕಡಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವುದಕ್ಕೆ ಮಾತ್ರ ಸೀಮಿತವೆಂದು ಯಾವ ವಿದ್ವಾಂಸರೂ ಹೇಳಿಲ್ಲ. ಪ್ರವಾದಿ(ಸ)ರು ಮದೀನಾದ ಹರಮ್ ಪ್ರದೇಶದಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದಾಗ ಅದರ ಎಲ್ಲೆಯನ್ನು ಎರಡು ಕಪ್ಪುಕಲ್ಲಿನ ಬಯಲುಗಳ ಗುರುತಿನಿಂದ ನಿಶ್ಚಯಿಸಿದ್ದರು ಎಂಬುದೂ ಇಲ್ಲಿ ಸ್ಮರಣೀಯ. ಎಲ್ಲೆ ಸ್ಪಷ್ಟವಾಗಿದ್ದುದರಿಂದ ಅದರ ಹೊರಗೆ ಬದುಕು ನಡೆಸುವುದೂ ಸುಲಭವಾಗಿತ್ತು.

ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸಾವಿರಾರು ಕೋಟಿ ರೂಪಾಯಿಗಳ ನಿಧಿ ಸಂಗ್ರಹವಾಗಿದೆ. ರಸ್ತೆ, ಕಟ್ಟಡ, ಕುಡಿಯುವ ನೀರು ಎಲ್ಲವೂ ಬೇಕು. ಅದರ ಅತ್ಯಲ್ಪ ಭಾಗವನ್ನು ಸಂಡೂರು, ದರೋಜಿ, ತುಂಗಭದ್ರಾ ತೀರಗಳ ನಿರಂತರ ಜೀವವೈವಿಧ್ಯ ಮಾಪನಕ್ಕೆ ಮೀಸಲಿಡಬೇಕು. ಆ ಅಂಕಿಗಳನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಯಾವುದೇ ಹೊಸ ಯೋಜನೆಯ ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ಅವು ಗ್ರಾಮ ಪಂಚಾಯತಿಯ ಗೋಡೆಯ ಮೇಲಿರಬೇಕು. ಇದು ಕೇಳಬಾರದ ಬೇಡಿಕೆಯೇನಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿದ ಮೇಲೆ ದೇಶದಾದ್ಯಂತ ಇವು ತರಾತುರಿಯಿಂದ ಸಿದ್ಧವಾದವು. ತಮ್ಮ ಪಂಚಾಯತಿಯ ದಾಖಲಾತಿಯನ್ನು ಒಮ್ಮೆ ತರಿಸಿ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಕುರಿ ಕಾಯುವವರಿಗೂ ಮೀನುಗಾರರಿಗೂ ನಾಟಿ ವೈದ್ಯರಿಗೂ ತಿಳಿದಿರುವುದರಲ್ಲಿ ಎಷ್ಟು ಭಾಗ ಅದರಲ್ಲಿ ಸೇರಿದೆ?

ಯಂತ್ರಗಳ ಬಗ್ಗೆ ಅತಿಯಾದ ಭರವಸೆಯೂ ಬೇಡ. ಈಗ ಮೊಬೈಲ್ ಫೋನ್ ಹಕ್ಕಿಯ ದನಿ ಕೇಳಿ ಹೆಸರು ಹೇಳುತ್ತದೆ. ನದಿಯ ನೀರಿನ ಮಾದರಿಯಲ್ಲಿರುವ ವಂಶವಾಹಿಯ ಚೂರುಗಳಿಂದ ಯಾವ ಮೀನು, ಯಾವ ಆಮೆ ಅಲ್ಲಿತ್ತೆಂದು ಪ್ರಯೋಗಾಲಯ ಹೇಳುತ್ತದೆ. ಆದರೆ ಯಂತ್ರಕ್ಕೆ ಕಲಿಸಲು ಬಳಸಿದ ಧ್ವನಿಗಳಲ್ಲಿ ಹೆಚ್ಚಿನವು ಬೇರೆ ದೇಶಗಳವು. ಅದು ಕೇಳದ ಹಕ್ಕಿಗೆ ಕೇಳಿದ ಹಕ್ಕಿಯ ಹೆಸರನ್ನು ಧೈರ್ಯದಿಂದ ಕೊಟ್ಟುಬಿಡುತ್ತದೆ. ತಜ್ಞರೊಬ್ಬರು ಕೇಳಿ ಒಪ್ಪುವವರೆಗೆ ಅದು ಸಾಕ್ಷ್ಯವಲ್ಲ, ಸುಳಿವು ಮಾತ್ರ. ಇನ್ನೂ ಗಂಭೀರವಾದ ವಿಷಯವೊಂದಿದೆ. ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಪ್ರಾಣಿಗಳಿಗಾಗಿ ಇಟ್ಟ ಕ್ಯಾಮೆರಾಗಳೂ ಡ್ರೋನ್‌ಗಳೂ ಸೌದೆಗೆ ಹೋದ ಮಹಿಳೆಯರ ಖಾಸಗಿತನವನ್ನು ಹೇಗೆ ಕಸಿದವೆಂಬುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ 2024ರಲ್ಲಿ ಬಂದ ಅಧ್ಯಯನವು ತೋರಿಸಿದೆ. ಹಾಡುತ್ತ, ಮಾತಾಡುತ್ತ ಕಾಡಿಗೆ ಹೋಗುತ್ತಿದ್ದ ಹೆಂಗಸರು ಮೌನವಾದರು. ನಮ್ಮ ಗುಡ್ಡಗಳಲ್ಲಿಯೂ ಸೌದೆಗೆ, ಸೀತಾಫಲಕ್ಕೆ, ಮೇವಿಗೆ ಹೋಗುವವರು ಬಡ ಮನೆಗಳ ಹೆಣ್ಣುಮಕ್ಕಳೇ. ಕ್ಯಾಮೆರಾ ಎಲ್ಲಿದೆ ಎಂಬುದು ಊರಿಗೆ ತಿಳಿದಿರಬೇಕು; ಮನುಷ್ಯರ ಚಿತ್ರಗಳು ಯಾರ ಕಣ್ಣಿಗೂ ಬೀಳುವ ಮೊದಲೇ ಅಳಿಸಿಹೋಗಬೇಕು. ಗಣಕಕ್ಕೆ ಇದು ಕಷ್ಟದ ಕೆಲಸವಲ್ಲ, ಆದೇಶಿಸುವವರು ಬೇಕಷ್ಟೇ. ಪ್ರಾಣಿಯ ಲೆಕ್ಕಕ್ಕಾಗಿ ಮನುಷ್ಯಳ ಮರ್ಯಾದೆಯನ್ನು ಒತ್ತೆಯಿಡಲಾಗದು.

ಹಾಗಿದ್ದರೆ ಮನೆಗಳಿಂದ ಏನು ಆಗಬಹುದು? 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿ 178ನ್ನು ತುರ್ತು ಗಮನ ಬೇಕಾದವೆಂದು ಗುರುತಿಸಿತು. ಅದಕ್ಕೆ ಆಧಾರವಾದ ಸುಮಾರು 3 ಕೋಟಿ ದಾಖಲೆಗಳನ್ನು ಕೊಟ್ಟವರು 30,000ಕ್ಕೂ ಹೆಚ್ಚು ಪಕ್ಷಿವೀಕ್ಷಕರು. ವೈದ್ಯರು, ಶಿಕ್ಷಕರು, ವಿದ್ಯಾರ್ಥಿಗಳು, ಗೃಹಿಣಿಯರು. ಡಾ. ಸಲೀಂ ಅಲಿಯವರ ಕಾಲದಲ್ಲಿ ಒಬ್ಬರ ಟಿಪ್ಪಣಿ ಪುಸ್ತಕದಲ್ಲಿದ್ದುದು ಈಗ ಸಾವಿರಾರು ಕೈಗಳಿಂದ ಒಂದೇ ಕಣಜಕ್ಕೆ ಸೇರುತ್ತದೆ. ಬಿ.ಸಿ.ಎ. ಓದುವ ಮಗಳಿಗೆ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಬೇಕಾಗಿದ್ದರೆ ಅಂಕಸಮುದ್ರದ ಬಣ್ಣದ ಕೊಕ್ಕರೆಗಳ ದಾಖಲೆಗಳಿವೆ, ಕಂಪ್ಲಿಯ ನದಿತೀರವಿದೆ. ನಮ್ಮ ಕಬರಸ್ತಾನಗಳನ್ನೇ ನೋಡಿ. ಸುತ್ತಲಿನ ಹೊಲಗದ್ದೆಗಳೆಲ್ಲ ನಿವೇಶನಗಳಾದ ಮೇಲೂ ಅಲ್ಲಿ ಹಳೆಯ ಬೇವು, ಹುಣಸೆ, ಯಾರೂ ಉಳದ ನೆಲದ ಹುಲ್ಲು ಉಳಿದುಕೊಂಡಿರುತ್ತವೆ. ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ಜೆಸಿಬಿ ಕರೆಸುವ ಮುನ್ನ ಅಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವುದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಾಗಿಲ್ಲ. ವಕ್ಫ್ ಸಮಿತಿಯವರು ಒಂದು ಭಾನುವಾರವನ್ನು ಇದಕ್ಕೆ ಕೊಡಬಹುದು.

ಪಟ್ಟಿ ಮಾಡುವ ಕ್ರಮವನ್ನು ಮಾತ್ರ ಆರಂಭದಿಂದಲೇ ಸರಿಯಾಗಿ ಕಲಿಸಬೇಕು. ದಿನಾಂಕ, ಆರಂಭಿಸಿದ ಹೊತ್ತು, ಮುಗಿಸಿದ ಹೊತ್ತು, ನಡೆದ ದೂರ, ಎಷ್ಟು ಜನ ನೋಡುತ್ತಿದ್ದರು ಎಂಬುದೂ ಬರೆಯಬೇಕು. ಅಪರೂಪದ್ದನ್ನು ಮಾತ್ರ ಬರೆದು ಕಾಗೆ, ಗುಬ್ಬಚ್ಚಿ, ಮೈನಾಗಳನ್ನು ಬಿಡಬಾರದು. ಅವುಗಳ ಸಂಖ್ಯೆಯಿಲ್ಲದೆ ಮೇಲೆ ಹೇಳಿದ ಯಾವ ಸೂತ್ರವೂ ನಡೆಯದು. ಕಂಪ್ಲಿಯ ಸೇತುವೆಯ ಬಳಿ ಒಂದು ಗಂಟೆ ಕುಳಿತು ಒಂದೂ ನೀರುನಾಯಿ ಕಾಣದೆ ಹಿಂದಿರುಗಿದರೆ, ಆ ದಿನದ ಸಾಲಿನಲ್ಲಿ ನೀರುನಾಯಿಯ ಮುಂದೆ ಸೊನ್ನೆಯನ್ನು ಬರೆಯಬೇಕು. ಮಕ್ಕಳಿಗೆ ಬೇಸರವಾಗುತ್ತದೆ. ಆದರೂ ಬರೆಯಿಸಿ. ಮುಂದಿನ ವಾರ ಅದೇ ಕಲ್ಲಿನ ಮೇಲೆ, ಅದೇ ಹೊತ್ತಿಗೆ ಮತ್ತೆ ಕುಳಿತುಕೊಳ್ಳಬೇಕು. ಎರಡೂ ಸಾಲುಗಳನ್ನು ಗಣಕ ಒಟ್ಟಿಗೆ ಓದುತ್ತದೆ.